ಕೆಳಗಿಟ್ಟ ಕಹ್ವಾ

ಮಾರ್ಚ್ 5, ಬುಧವಾರ

ಇಂದು ಬೂದಿ ಬುಧವಾರ. ಸೊಹಾರಿನ ಚರ್ಚಿಗೆ ಹೋಗಿಬರಲು ಡ್ಯೂಟಿ ಬಿಡಲಿಲ್ಲ. ಹಣೆಗೆ ಬೂದಿ ಬೀಳದಿದ್ದರೂ ಮಧ್ಯಾಹ್ನದ ಗಾಳಿಗೆ ಬೇಕಾದಷ್ಟು ಧೂಳು ಬಿತ್ತು. ದೇವರು ಅದನ್ನೇ ಜಮೆ ಮಾಡಿಕೊಳ್ಳಲಿ. ಮಣ್ಣಿನಿಂದ ಬಂದವಳು ಮಣ್ಣಿಗೇ ಮರಳುವೆ ಎನ್ನುತ್ತಾರೆ ಪಾದ್ರಿಗಳು. ಈ ದೇಶದಲ್ಲಿ ಮರಳುವುದೂ ಮರಳಿಗೇ.

ಈಸ್ಟರಿನವರೆಗೆ ನಮ್ಮ ಕೊರೆಜ್ಮಾ, ತಪಸ್ಸಿನ ಕಾಲ. ಪ್ರಿಯವಾದದ್ದೊಂದನ್ನು ಬಿಡಬೇಕು. ಕಳೆದ ವರ್ಷ ಮೀನು ಬಿಟ್ಟಿದ್ದೆ. ಅದರಲ್ಲೇನೂ ದೊಡ್ಡಸ್ತಿಕೆಯಿಲ್ಲ, ಈ ಊರಿಗೆ ಬರುವಷ್ಟರಲ್ಲಿ ಮೀನೇ ನಮ್ಮ ಆಸೆ ಬಿಟ್ಟಿರುತ್ತದೆ. ಈ ಸಲ ಕಾಫಿ ಬಿಟ್ಟಿದ್ದೇನೆ. ಶಂಕರಪುರದಲ್ಲಿ ಹುಟ್ಟಿ ಮಲ್ಲಿಗೆಯ ಜೊತೆಗೆ ಕಾಫಿಯ ಪರಿಮಳ ಕುಡಿದು ಬೆಳೆದ ಕ್ಲೆಮೆಂಟಿನಾಳಿಗೆ ಇದು ಶಿಲುಬೆಯೇ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆ ಎನ್ನುತ್ತಿದ್ದರು ಅಮ್ಮ. ಹಾಗಾಗಿ ಗಂಡನಿಗೂ ಹೇಳಿಲ್ಲ. ಅಸಿಡಿಟಿ ಎಂದಿದ್ದೇನೆ. ನೊರ್ಬರ್ಟ್ ಬೆಳೆದದ್ದು ಬೊಂಬಾಯಿಯಲ್ಲಿ, ಕನ್ನಡ ಓದಲು ಬಾರದು. ಆದ್ದರಿಂದ ಈ ಡೈರಿಗೆ ಬೀಗದ ಖರ್ಚು ಉಳಿಯಿತು.

ಹರಕೆಯ ಉದ್ದೇಶ ಒಂದೇ: ವರ್ಗಾವಣೆ. ಮಸ್ಕತ್ತಿನ ಅಲ್ ಗುಬ್ರಾ ಕಡೆಗೆ ಹಾಕು ದೇವರೇ ಎಂದು ಅರ್ಜಿ ಕೊಟ್ಟು ವರ್ಷವಾಯಿತು. ವರ್ಗಕ್ಕೂ ಸ್ವರ್ಗಕ್ಕೂ ಒಂದೇ ಒಂದು ಒತ್ತಕ್ಷರದ ದೂರ, ಆದರೆ ಆ ದೂರಕ್ಕೆ ಬಸ್ಸಿಲ್ಲ.

ಈ ಊರಿನ ಹೆಸರು ಸುಮೈರ್. 'ಸುಮ್ಮನಿರು' ಅನ್ನಲು ಹೋಗಿ ನಾಲಿಗೆ ತೊಡರಿದ ಯಾವನೋ ಕನ್ನಡಿಗ ಇಟ್ಟಿರಬೇಕು. ಸಹಮಿನ ಕಡಲತೀರದಿಂದ ಬೆಟ್ಟದ ಕಡೆಗೆ ಒಂದು ಗಂಟೆ ಕಾರು ಓಡಿಸಿದರೆ ರಸ್ತೆಗೇ ಬೇಜಾರು ಬಂದು ನಿಂತುಬಿಡುವ ಜಾಗ. ಹಿಂದೆ ಹುಲ್ಲುಕಡ್ಡಿಯಿಲ್ಲದ ಬೆಟ್ಟ, ಬೋಳುಮಂಡೆಯ ಹೆಡ್‌ಮಾಸ್ಟರರ ಹಾಗೆ. ಮುಂದೆ ನೀರಿಲ್ಲದ ಹೊಳೆ, ಬರೀ ಕಲ್ಲು. ಅದಕ್ಕೆ ವಾದಿ ಎನ್ನುತ್ತಾರೆ. ವಾದಿ ಇದ್ದಮೇಲೆ ಪ್ರತಿವಾದಿಯೂ ಬೇಕಲ್ಲ, ಆ ಕೆಲಸ ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಇವೆರಡರ ನಡುವೆ ನಲವತ್ತು ಮನೆ, ಖರ್ಜೂರದ ತೋಟ, ಮಸೀದಿ, ಕಾಸರಗೋಡಿನ ಬಾದುಶಾನ ಅಂಗಡಿ, ಮನುಷ್ಯರಿಗಿಂತ ಗಂಭೀರವಾದ ಆಡುಗಳು, ಮತ್ತು ನಾನು ನರ್ಸಾಗಿರುವ ಆರೋಗ್ಯ ಕೇಂದ್ರ. ಖಲಾಸ್. ಊರು ಮುಗಿಯಿತು.

ಈಸ್ಟರಿನೊಳಗೆ ಇಲ್ಲಿಂದ ಹೊರಡದಿದ್ದರೆ ನನ್ನ ಹೆಸರು ಬದಲಿಸುತ್ತೇನೆ.


ಮಾರ್ಚ್ 10, ಸೋಮವಾರ

ಇವರಿಗೂ ಉಪವಾಸ, ನನಗೂ ಉಪವಾಸ. ರಂಜಾನ್ ನನ್ನದಕ್ಕಿಂತ ನಾಲ್ಕು ದಿನ ಮೊದಲು ಶುರುವಾಯಿತು. ವ್ಯತ್ಯಾಸ ಏನೆಂದರೆ ಇವರು ಸೂರ್ಯ ಮುಳುಗಿದ ಮೇಲೆ ತಿನ್ನುತ್ತಾರೆ, ನನ್ನ ಕಾಫಿಗೆ ಸೂರ್ಯಾಸ್ತವೇ ಇಲ್ಲ.

ಇವತ್ತೂ ಉಮ್ ಹಿಲಾಲ್ ಜೊತೆ ಜಗಳ. ಉಮ್ ಹಿಲಾಲ್ ಅಂದರೆ ಹಿಲಾಲನ ತಾಯಿ. ಮಗ ಮಸ್ಕತ್ತಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ತಾಯಿ ಇಲ್ಲಿ ಅದಕ್ಕಿಂತ ದೊಡ್ಡ ಕೆಲಸದಲ್ಲಿದ್ದಾಳೆ, ಊರಿಗೆ ಯಜಮಾನಿಕೆ. ಎಪ್ಪತ್ತು ದಾಟಿದ ಮುದುಕಿ, ರಕ್ತದಲ್ಲಿ ಸಕ್ಕರೆ ಕಾರ್ಖಾನೆ. ಉಪವಾಸ ಮಾಡಬೇಡಿ ಎಂದು ಡಾಕ್ಟರು ಹೇಳಿದರು, ನಾನು ಹೇಳಿದೆ. ಕೇಳಿದರೆ ತಾನೆ! ಕೊನೆಗೆ ದಿನಾ ಮಧ್ಯಾಹ್ನ ಬಂದು ಸಕ್ಕರೆ ನೋಡಿಸಿಕೊಂಡು ಹೋಗುವುದೆಂದು ರಾಜಿಯಾಯಿತು. ಬೆರಳು ಚುಚ್ಚಿಸಿಕೊಳ್ಳಲು ಬರುತ್ತಾಳೆ, ಮಾತಿನಲ್ಲಿ ಚುಚ್ಚಿ ಹೋಗುತ್ತಾಳೆ.

"ಎಂತ ಹೇಳ್ತಾಳೆ?" ಎಂದು ಶಬ್ನಂಳನ್ನು ಕೇಳಿದೆ. ಶಬ್ನಂ ನಮ್ಮ ಫಾರ್ಮಸಿಸ್ಟ್, ಉಳ್ಳಾಲದ ಬ್ಯಾರಿ ಹುಡುಗಿ, ಅರಬ್ಬಿ ನೀರು ಕುಡಿದ ಹಾಗೆ ಮಾತಾಡುತ್ತಾಳೆ. ನನ್ನನ್ನು 'ಸಿಸ್ಟರಕ್ಕ' ಎಂದು ಕರೆಯುತ್ತಾಳೆ; ಒಂದೇ ಏಟಿಗೆ ಎರಡು ಸಂಬಂಧ.

"ಸಿಸ್ಟರಕ್ಕ, ಅವರು ಹೇಳುವುದು, ನಿಮ್ಮ ಕೈ ಹಗುರ ಉಂಟಂತೆ, ನಾಲಿಗೆ ಮಾತ್ರ ಭಾರ ಅಂತೆ."

"ನಿಮ್ಮ ನಾಲಿಗೆಗೆ ತಕ್ಕಡಿಯೇ ಸಿಗಲಿಕ್ಕಿಲ್ಲ ಅಂತ ಹೇಳು."

ಶಬ್ನಂ ಹೇಳಿದಳು. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾನು ನಗಲಿಲ್ಲ. ತಪಸ್ಸಿನ ಕಾಲ.

ನೊರ್ಬರ್ಟ್ ಮೈತುಂಬ ಕೆಸರು ಮಾಡಿಕೊಂಡು ಬಂದಿದ್ದಾನೆ. ಇಲ್ಲಿ ಬೆಟ್ಟದ ಬುಡದಿಂದ ಊರಿಗೆ ನೀರು ತರುವ ತೋಡಿಗೆ ಫಲಜ್ ಎಂದು ಹೆಸರು. ಸಂಸ್ಕೃತದಲ್ಲಾದರೆ ಫಲದಿಂದ ಹುಟ್ಟಿದ್ದು 'ಫಲಜ'. ಇಲ್ಲಿ ಫಲವೇ ಫಲಜಿನಿಂದ ಹುಟ್ಟಬೇಕು. ಮೊದಲು ಕುಡಿಯುವ ನೀರು, ಆಮೇಲೆ ಮಸೀದಿಗೆ, ಆಮೇಲೆ ಗಂಡಸರ ಸ್ನಾನಕ್ಕೆ, ಹೆಂಗಸರ ಸ್ನಾನಕ್ಕೆ, ಉಳಿದದ್ದು ಪಾಳಿಯ ಪ್ರಕಾರ ತೋಟಗಳಿಗೆ. ಇವರ ಊರಿನಲ್ಲಿ ನೀರಿಗಿರುವ ಶಿಸ್ತು ಮನುಷ್ಯರಿಗಿಲ್ಲ. ಹೂಳೆತ್ತಲು ಪ್ರತಿ ಮನೆಯಿಂದ ಒಬ್ಬ ಗಂಡಸು ಹೋಗಬೇಕಂತೆ. ಮಸ್ಕತ್ತಿನ ಕಂಪೆನಿ ಸ್ಟೋರ್‌ಕೀಪರ್ ಕೆಲಸದಿಂದ ಬಿಡಿಸಿದ ಮೇಲೆ ಮನೆಯಲ್ಲಿ ಅಡುಗೆ ಮಾಡಿಕೊಂಡಿರುವ ನನ್ನ ಗಂಡನೂ ಗುದ್ದಲಿ ಹಿಡಿದು ಹೋಗಿದ್ದ.

"ನಿನ್ನನ್ನು ಯಾರು ಮಾರಾಯ ಕರೆದದ್ದು?"

"ಪ್ರತಿ ಮನೆಯಿಂದ ಒಬ್ಬ ಅಂದರಲ್ಲ. ನಮ್ಮದೂ ಮನೆಯೇ ಅಲ್ವಾ?"

ಬಾಡಿಗೆ ಮನೆ ಎಂದು ನೆನಪಿಸಿದೆ.


ಮಾರ್ಚ್ 19

ಗ್ರೆಟ್ಟಾಬಾಯಿ ಫೋನು. ನೊರ್ಬರ್ಟನ ಅಕ್ಕ, ಅಲ್ ಗುಬ್ರಾದಲ್ಲಿ ಫ್ಲ್ಯಾಟು. "ಆ ಕೊಂಪೆಯಲ್ಲಿ ಎಷ್ಟು ದಿನ ಅಂತ ಇರುತ್ತೀಯಾ ಕ್ಲೆಮಿ? ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಫ್ಲ್ಯಾಟ್ ಖಾಲಿ ಆಗ್ತದೆ, ನಾನು ಹೇಳಿ ಇಟ್ಟಿದ್ದೇನೆ." ಕೊಂಪೆ ಎಂಬ ಪದ ಸರಿಯಲ್ಲ. ಕೊಂಪೆಯಲ್ಲಿ ಫಲಜ್ ಇರುವುದಿಲ್ಲ.

ತಲೆನೋವು. ಕಾಫಿಯಿಲ್ಲದ ತಲೆ.


ಮಾರ್ಚ್ 31, ಸೋಮವಾರ

ಇವರ ಹಬ್ಬ. ಶಬ್ನಂ ಜೊತೆ ಉಮ್ ಹಿಲಾಲ್ ಮನೆಗೆ ಹೋಗಿದ್ದೆ. ಇಡೀ ಊರಿನ ಹೆಂಗಸರು ಗೋಡೆಗೊರಗಿ ಸಾಲಾಗಿ ಕುಳಿತಿದ್ದರು. ನಡುವೆ ಹಲ್ವಾ, ಖರ್ಜೂರ, ಮತ್ತು ನನ್ನ ಶತ್ರು: ಕಹ್ವಾ. ಹಾಲಿಲ್ಲದ, ಸಕ್ಕರೆಯಿಲ್ಲದ, ಏಲಕ್ಕಿಯ ಕಾಫಿ. ಕಹಿಗೆ ಒಂದು 'ವಾಹ್' ಸೇರಿಸಿದರೆ ಕಹ್ವಾ. ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಕೊಡುತ್ತಾರೆ. ಸಾಕೆನಿಸಿದರೆ ಖಾಲಿ ಕಪ್ಪನ್ನು ಬೆರಳುಗಳಲ್ಲಿ ಹಿಡಿದು ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಮೊದಲ ವರ್ಷ ಇದು ಗೊತ್ತಿಲ್ಲದೆ ಹೊಟ್ಟೆ ತುಂಬ ಕುಡಿದು ನಿದ್ದೆಗೆಟ್ಟು ಗೂಬೆಯಾಗಿದ್ದೆ.

ಮೊದಲ ಕಪ್ಪನ್ನು ಬೇಡ ಅನ್ನುವಂತಿಲ್ಲ. ತೆಗೆದುಕೊಂಡೆ. ಪರಿಮಳ ಮೂಗಿನಿಂದ ನೇರ ಆತ್ಮಕ್ಕೆ ಹೋಯಿತು. ಕುಡಿದರೆ ಹರಕೆ ಮುರಿಯುತ್ತದೆ, ಯಾಕೆ ಕುಡಿಯುವುದಿಲ್ಲ ಎಂದು ಹೇಳಿದರೂ ಮುರಿಯುತ್ತದೆ. ಮೆಲ್ಲಗೆ ಮೊಣಕಾಲಿನ ಪಕ್ಕ ಕಂಬಳಿಯ ಮೇಲೆ ಇಟ್ಟುಬಿಟ್ಟೆ. ಯಾರೂ ನೋಡಲಿಕ್ಕಿಲ್ಲ ಎಂದುಕೊಂಡೆ.

ಎಲ್ಲರೂ ನೋಡಿದರು. ಹಲ್ವಾ ತಿನ್ನುತ್ತಿದ್ದವಳ ಕೈ ಬಾಯಿಯ ದಾರಿಯಲ್ಲೇ ನಿಂತಿತು. ಉಮ್ ಹಿಲಾಲ್ ನನ್ನ ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು, ಏನೋ ಕೇಳಿದಳು.

"ಸಿಸ್ಟರಕ್ಕ, ನಿಮಗೆ ಎಂತ ಬೇಕು ಅಂತ ಕೇಳ್ತಾರೆ."

"ಏನೂ ಬೇಡ ಅಂತ ಹೇಳು."

"ಹೇಳಿದೆ. ಇಲ್ಲ, ನಾಚಿಕೆ ಬೇಡ, ಕೇಳು ಅಂತಾರೆ."

ಕಪ್ಪಿನ ವಿಷಯ ತಪ್ಪಿಸಬೇಕಿತ್ತು. ನನಗೆ ಕಷ್ಟ ಬಂದಾಗ ಮೊದಲು ಬಾಯಿಗೆ ಬರುವುದು ತಮಾಷೆ. "ಅಲ್ ಗುಬ್ರಾಕ್ಕೆ ಒಂದು ವರ್ಗಾವಣೆ ಬೇಕು, ಪ್ಯಾಕ್ ಮಾಡಿ ಕೊಡಲಿಕ್ಕೆ ಹೇಳು" ಎಂದೆ, ನಕ್ಕೆ.

ಶಬ್ನಂ ಅದನ್ನು ನಗು ಬಿಟ್ಟು ಉಳಿದದ್ದೆಲ್ಲ ಸೇರಿಸಿ ಅನುವಾದ ಮಾಡಿದಳು. ಒಬ್ಬರೂ ನಗಲಿಲ್ಲ. ಉಮ್ ಹಿಲಾಲ್ ತನ್ನ ಕೈಯ ಗೋರಂಟಿ ನೋಡುತ್ತ ಕುಳಿತಳು. ಆಮೇಲೆ ಎರಡೇ ಮಾತು.

"ಆಯಿತಂತೆ. ಕುಡಿಯಬೇಕಂತೆ" ಎಂದಳು ಶಬ್ನಂ.

ಕಪ್ಪನ್ನು ತುಟಿಗೆ ತಾಗಿಸಿ ಕುಡಿದ ಹಾಗೆ ಮಾಡಿ ಕೆಳಗಿಟ್ಟೆ. ಒಂದು ಹನಿಯೂ ಒಳಗೆ ಹೋಗಲಿಲ್ಲ, ದೇವರಾಣೆ.

ವಿಚಿತ್ರ ಜನ. ಹೊರಡುವಾಗ ಎಲ್ಲರೂ ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದರು.


ಏಪ್ರಿಲ್ 1

ಮೂರ್ಖರ ದಿನ, ಆದರೆ ಮೂರ್ಖಳಾದದ್ದು ನಾನಲ್ಲ ಎಂದುಕೊಂಡಿದ್ದೇನೆ.

ಹಬ್ಬಕ್ಕೆ ಇಡೀ ಊರು ಒಂದೇ ಹೊಂಡದಲ್ಲಿ ಮಾಂಸ ಹೂಳುತ್ತದೆ. ಮಸಾಲೆ ಹಚ್ಚಿ, ಎಲೆಯಲ್ಲಿ ಸುತ್ತಿ, ಖರ್ಜೂರದ ಗರಿಯ ಚೀಲದಲ್ಲಿ ಕಟ್ಟಿ, ಕೆಂಡದ ಮೇಲೆ ಹಾಕಿ, ಮಣ್ಣು ಮುಚ್ಚಿ, ಮಾರನೆಯ ದಿನ ತೆಗೆಯುವುದು. ಶುವಾ ಎಂದು ಹೆಸರು. ಯಾರ ಗಂಟು ಯಾರದು ಎಂದು ತಿಳಿಯಲು ತಂತಿಯಲ್ಲಿ ಒಂದೊಂದು ತಗಡಿನ ತುಂಡು. ಇವತ್ತು ನೊರ್ಬರ್ಟ್ ಒಂದು ಗಂಟು ಹೊತ್ತು ತಂದ. ನಮ್ಮದಂತೆ! ತಗಡಿನ ಮೇಲೆ ಮೊಳೆಯಲ್ಲಿ ಕೂಡಿಸುವ ಗುರುತು ಕೊರೆದಿತ್ತು. ಆಸ್ಪತ್ರೆಯದ್ದೋ ಶಿಲುಬೆಯದ್ದೋ, ಕೇಳಲಿಲ್ಲ. ತಗಡನ್ನು ತೊಳೆದು ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಬಿಸಾಡಬೇಕು.


ಏಪ್ರಿಲ್ 4, ಶುಕ್ರವಾರ

ಗ್ರೆಟ್ಟಾಬಾಯಿ ಬಂದಿದ್ದರು. ರಜೆಗೆ ಬೆಟ್ಟ ನೋಡಲು ಬಂದು ಎ.ಸಿ. ಕೆಳಗೆ ಕುಳಿತು ಊರು ನೋಡಿದರು.

"ಇದೆಂತ ಹೊಳೆ, ನೀರೇ ಇಲ್ಲ!"

"ಬಂದಾಗ ನೋಡಬೇಕು ಬಾಯಿ. ಅಲ್ ಗುಬ್ರಾದ ನಲ್ಲಿಯ ಹಾಗೆ ದಿನಾ ಬರುವುದಿಲ್ಲ, ರಾಜರ ಹಾಗೆ ಬರ್ತದೆ."

"ಒಂದು ಸೂಪರ್‌ಮಾರ್ಕೆಟ್ ಇಲ್ಲ."

"ಬಾದುಶಾನ ಅಂಗಡಿ ಉಂಟಲ್ಲ. ಸೂಪರ್ ಅಲ್ಲ, ಮಾರ್ಕೆಟ್ಟೂ ಅಲ್ಲ, ಆದರೆ ಬೇಕಾದ್ದೆಲ್ಲ ಉಂಟು."

"ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಹೇಗೆ ದಿನ ತೆಗೀತೀಯಾ?"

"ನಿಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಕೊಂಕಣಿ ಬರ್ತದೆ. ಯಾರು ಯಾರ ಹತ್ತಿರ ಮಾತಾಡ್ತಾರೆ ಹೇಳಿ?"

ಗ್ರೆಟ್ಟಾಬಾಯಿ ನೊರ್ಬರ್ಟನ ಮುಖ ನೋಡಿದರು. ನೊರ್ಬರ್ಟ್ ಅಡುಗೆಮನೆಗೆ ಓಡಿದ.

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಎಲ್ಲ ನಾನೇ ಫೋನಿನಲ್ಲಿ ಹೇಳಿಕೊಟ್ಟದ್ದು. ಆದರೂ ನಾನು ಹೇಳುವುದು ಬೇರೆ. ಎರಡು ವರ್ಷ ಇಲ್ಲಿನ ಧೂಳು ತಿಂದಿದ್ದೇನೆ, ಬೈಯುವ ಹಕ್ಕು ಗಳಿಸಿಕೊಂಡಿದ್ದೇನೆ. ಒಂದು ಮಧ್ಯಾಹ್ನಕ್ಕೆ ಬಂದವರಿಗೆ ಆ ಹಕ್ಕನ್ನು ಯಾರು ಕೊಟ್ಟದ್ದು?


ಏಪ್ರಿಲ್ 8, ಮಂಗಳವಾರ

ವರ್ಗಾವಣೆ ಆಯಿತು.

ಮಸ್ಕತ್ತಿನಿಂದ ಫೋನು. ಅಲ್ ಗುಬ್ರಾ ಹತ್ತಿರದ ಒಂದು ಕೇಂದ್ರದಲ್ಲಿ ಜಾಗ ಖಾಲಿಯಿದೆ, ಏಪ್ರಿಲ್ ಇಪ್ಪತ್ತೊಂದರೊಳಗೆ ಒಪ್ಪಿಗೆ ತಿಳಿಸಬೇಕು. ಇಲ್ಲಿಗೆ ಬದಲಿ ಸಿಗುವವರೆಗೆ ಸಹಮಿನಿಂದ ವಾರಕ್ಕೆ ಎರಡು ದಿನ ನರ್ಸ್ ಬರುತ್ತಾರಂತೆ.

ಸಂತೋಷವಾಗಿದೆ. ಬಹಳ ಸಂತೋಷವಾಗಿದೆ. ವಾರಕ್ಕೆ ಎರಡೇ ದಿನವಾದರೆ ಮುದುಕಿಯ ಸಕ್ಕರೆಯನ್ನು ಉಳಿದ ಐದು ದಿನ ಯಾರು ನೋಡುವುದು ಎಂದು ಕೇಳಬೇಕಿತ್ತು, ಮರೆತೆ. ಇರಲಿ. ಸಂತೋಷವಾಗಿದೆ.


ಏಪ್ರಿಲ್ 9, ಬುಧವಾರ

ಶಬ್ನಂ ಔಷಧಿ ಕೌಂಟರಿನಿಂದ ಓಡಿ ಬಂದಳು, ಮುಖ ಬೆಳ್ಳಗಾಗಿತ್ತು.

"ಸಿಸ್ಟರಕ್ಕ, ನಾವು ಎಂತ ಮಾಡಿಬಿಟ್ಟೆವು ಗೊತ್ತುಂಟಾ? ಉಮ್ ಹಿಲಾಲ್ ಅವರ ಸೊಸೆ ಈಗ ಹೇಳಿದಳು. ಇವರಲ್ಲಿ ಕಹ್ವಾ ಕುಡಿಯದೆ ಕೆಳಗಿಟ್ಟರೆ, ಬಂದವರಿಗೆ ಒಂದು ಕೋರಿಕೆ ಉಂಟು ಅಂತ ಅರ್ಥ ಅಂತೆ. ಮನೆಯವರು ಅದನ್ನು ಕೇಳಲೇಬೇಕು. 'ಕುಡಿ' ಅಂದರೆ, ಕೊಟ್ಟೆ ಅಂತ ಮಾತು ಕೊಟ್ಟ ಹಾಗೆ."

"ಅಂದರೆ..."

"ಅಂದರೆ ನೀವು ಹಬ್ಬದ ದಿನ ಇಡೀ ಊರಿನ ಎದುರು, ನನ್ನನ್ನು ಇಲ್ಲಿಂದ ಕಳಿಸಿ ಅಂತ ಕೇಳಿದ್ದೀರಿ. ಅವರು ಮಗನಿಗೆ ದಿನಾ ಫೋನು ಮಾಡಿ, ಸಿಸ್ಟರ್ ಅರ್ಜಿ ಎಲ್ಲಿ ಬಿದ್ದುಂಟು, ಹುಡುಕು ಅಂತ ಪ್ರಾಣ ತಿಂದರಂತೆ."

ಒಂದು ವರ್ಷ ದೇವರ ಹತ್ತಿರ ಕೇಳಿದೆ, ಆಗಲಿಲ್ಲ. ಒಂದು ವಾರದಲ್ಲಿ ಮುದುಕಿ ಮಾಡಿಸಿದಳು.

ಆದರೆ ಒಂದು ಪ್ರಶ್ನೆ. ಊರಿಗೆಲ್ಲ ಗೊತ್ತಿದ್ದೂ ಒಬ್ಬರಾದರೂ 'ಹೋಗಬೇಡ' ಅಂದರೇ? ಫಲಜಿನ ಬಳಿ ಹೆಂಗಸರು ನಕ್ಕು ಕೈ ಬೀಸುತ್ತಾರೆ. ಬಾದುಶಾ ರಟ್ಟಿನ ಪೆಟ್ಟಿಗೆ ಬೇಕಾ ಎಂದು ಕೇಳುತ್ತಾನೆ. ಇಷ್ಟು ಸಲೀಸಾಗಿ ಕಳಿಸಿಕೊಡಲು ನಾನೇನು ಕೊರಿಯರ್ ಪಾರ್ಸೆಲ್ಲೇ? ಮಾತು ಕೊಟ್ಟ ಮೇಲೆ ತಡೆಯುವಂತಿಲ್ಲವಂತೆ, ಶಬ್ನಂ ಹೇಳಿದಳು. ತಡೆಯಲಿ ಎಂದು ಯಾರು ಕಾಯುತ್ತಿದ್ದಾರೆ? ನಾನಂತೂ ಅಲ್ಲ.


ಏಪ್ರಿಲ್ 11, ಶುಕ್ರವಾರ

ಗರಿಗಳ ಹಬ್ಬ. ಇಲ್ಲಿ ರಜೆ ಶುಕ್ರವಾರ, ಹಾಗಾಗಿ ಸೊಹಾರಿನ ಚರ್ಚಿನಲ್ಲಿ ಭಾನುವಾರದ ಪೂಜೆಯೂ ಶುಕ್ರವಾರವೇ. ನಮ್ಮೂರಲ್ಲಿ ತೆಂಗಿನ ಗರಿ ಹಿಡಿಯುತ್ತೇವೆ. ಬೆಳಿಗ್ಗೆ ಕಾರಿನ ಬಾಗಿಲು ತೆರೆದರೆ ಹಿಂದಿನ ಸೀಟಿನ ತುಂಬ ಎಳೆಯ ಖರ್ಜೂರದ ಗರಿ. ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನೊರ್ಬರ್ಟ್ ಫಲಜಿನ ಗಂಡಸರ ಹತ್ತಿರ ನಮ್ಮ ಹಬ್ಬದ ವಿಷಯ ಬಾಯಿಬಿಟ್ಟಿದ್ದನಂತೆ. ಕಡಿಸಿದ್ದು ಉಮ್ ಹಿಲಾಲ್ ಅವರ ತೋಟದಿಂದ.

ಚರ್ಚಿನಲ್ಲಿ ಎಲ್ಲರೂ ಎಲ್ಲಿಂದ ತಂದಿರಿ ಎಂದು ಕೇಳಿದರು. ಯೇಸುವಿನ ಎದುರು ಬೀಸಿದ್ದು ಇದೇ ಜಾತಿಯ ಗರಿ ಎಂದು ಪಾದ್ರಿಗಳು ಖುಷಿಪಟ್ಟರು. "ನಮ್ಮ ಊರಿನ ತೋಟದ್ದು" ಎಂದೆ. ಚಿಕ್ಕದಾಗಿ ಹೇಳುವಾಗ ಹಾಗೆಯೇ ಹೇಳಬೇಕಾಗುತ್ತದೆ.


ಏಪ್ರಿಲ್ 16, ಬುಧವಾರ

ಮೂರು ದಿನದಿಂದ ಉಮ್ ಹಿಲಾಲ್ ಸಕ್ಕರೆ ನೋಡಿಸಲು ಬಂದಿಲ್ಲ. ಡ್ಯೂಟಿ ಮುಗಿಸಿ ಪರೀಕ್ಷೆಯ ಪೆಟ್ಟಿಗೆ ಹಿಡಿದು ಅವರ ಮನೆಗೆ ನಾನೇ ನುಗ್ಗಿದೆ, ಶಬ್ನಂಳನ್ನೂ ಎಳೆದುಕೊಂಡು.

"ಯಾಕೆ ಬರಲಿಲ್ಲ?"

"ನೀನು ಹೋಗುತ್ತೀಯಲ್ಲ. ಅಭ್ಯಾಸ ಬಿಡಿಸಿಕೊಳ್ಳುತ್ತಿದ್ದೇನೆ."

"ಇದು ಬಿಡಿಸಿಕೊಳ್ಳುವ ಅಭ್ಯಾಸ ಅಲ್ಲ. ಕೈ ಕೊಡಿ."

"ಕೊಡುವುದಿಲ್ಲ. ಸಹಮಿನವಳು ಬರುತ್ತಾಳಂತೆ, ಅವಳಿಗೆ ಕೊಡುತ್ತೇನೆ."

"ಅವಳು ಬರುವ ದಿನ ನೋಡಿಕೊಂಡು ಸಕ್ಕರೆ ಏರುವುದಿಲ್ಲ. ಕೈ!"

ನನ್ನ ದನಿ ಏರಿತು. ಅವರ ದನಿಯೂ ಏರಿತು. ಕೊನೆಗೆ ಇಬ್ಬರೂ ಅರಬ್ಬಿಯಲ್ಲೇ ಕೂಗಾಡುತ್ತಿದ್ದೆವು. ಅರ್ಧದಲ್ಲಿ ಶಬ್ನಂ ಅನುವಾದ ನಿಲ್ಲಿಸಿ ಬಾಗಿಲ ಹತ್ತಿರ ಕುಳಿತು ಖರ್ಜೂರ ತಿನ್ನುತ್ತಿದ್ದಳು. ನನಗೆ ಅರಬ್ಬಿ ಬರುವುದಿಲ್ಲ ಎಂದು ಇಷ್ಟು ದಿನ ನಂಬಿಕೊಂಡಿದ್ದೆ.

ಕೈ ಕೊಟ್ಟರು. ಸಕ್ಕರೆ ಮುನ್ನೂರಹತ್ತು. ಹಬ್ಬದ ಹಲ್ವಾದ ಡಬ್ಬಿ ಮಂಚದ ಕೆಳಗಿತ್ತು. ಜಪ್ತಿ ಮಾಡಿಕೊಂಡು ಬಂದಿದ್ದೇನೆ.

ಗ್ರೆಟ್ಟಾಬಾಯಿ ಮೆಸೇಜು: ಫ್ಲ್ಯಾಟಿಗೆ ಪರದೆ ಯಾವ ಬಣ್ಣ? ಉತ್ತರ ಕೊಟ್ಟಿಲ್ಲ.


ಏಪ್ರಿಲ್ 18, ಶುಭ ಶುಕ್ರವಾರ

ಏನೂ ಬರೆಯುವುದಿಲ್ಲ. ಪೆಟ್ಟಿಗೆ ಕಟ್ಟಲು ಶುರು ಮಾಡು ಎಂದು ನೊರ್ಬರ್ಟನಿಗೆ ಹೇಳಿದೆ. "ಸೋಮವಾರ ತೋಟದ ನೀರಿನ ಪಾಳಿ ನೋಡಿಕೊಳ್ಳಲಿಕ್ಕೆ ಒಪ್ಪಿಕೊಂಡಿದ್ದೇನೆ, ಆಮೇಲೆ ಕಟ್ಟುವ" ಎಂದ.


ಏಪ್ರಿಲ್ 20, ಈಸ್ಟರ್

ಹರಕೆ ಮುಗಿಯಿತು. ಡ್ಯೂಟಿ ಮುಗಿಸಿ ಬಂದು ಊರಿನ ಪುಡಿಯ ಕಾಫಿ ಹಾಕಿದೆ. ಕುದಿಯುವ ಪರಿಮಳಕ್ಕೆ ಕಣ್ಣಲ್ಲಿ ನೀರು ಬಂತು, ಬೇರೆ ಕಾರಣವಿಲ್ಲ. ಲೋಟ ಎತ್ತುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಉಮ್ ಹಿಲಾಲ್. ಒಬ್ಬರೇ, ಕೋಲೂರಿಕೊಂಡು, ಇಡೀ ಊರಿನ ಉದ್ದಕ್ಕೆ ನಡೆದು ಬಂದಿದ್ದರು. ಎರಡು ವರ್ಷದಲ್ಲಿ ನಾನು ಅವರ ಮನೆಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ; ಅವರು ನನ್ನ ಮನೆಗೆ ಬಂದದ್ದು ಇದೇ ಮೊದಲು.

ನೊರ್ಬರ್ಟ್ ಕುರ್ಚಿ ಎಳೆದ. ಅವರು ನೆಲದ ಚಾಪೆಯನ್ನೇ ಆರಿಸಿಕೊಂಡರು. ಸಕ್ಕರೆ ಹಾಕದ ಹಾಲಿನ ಕಾಫಿಯನ್ನು ಒಂದು ಕಪ್ಪಿನಲ್ಲಿ ಕೊಟ್ಟೆ. ಅವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರು, ಮೂಸಿದರು, ಚಾಪೆಯ ಮೇಲೆ ಮೊಣಕಾಲಿನ ಪಕ್ಕ ಇಟ್ಟರು. ಮತ್ತೆ ಮುಟ್ಟಲಿಲ್ಲ.

"ಹಾಲು ಜಾಸ್ತಿ ಆಯಿತಾ?" ಎಂದ ನೊರ್ಬರ್ಟ್.

"ಸುಮ್ಮನಿರು ಮಾರಾಯ."

ಶಬ್ನಂ ಇರಲಿಲ್ಲ. ನನ್ನ ಹರಕು ಅರಬ್ಬಿಯಲ್ಲಿ ನಾನೇ ಕೇಳಬೇಕಾಯಿತು: ಏನು ಬೇಕು ನಿಮಗೆ?

ಅವರು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಆ ದಿನ ನೀನು ಕುಡಿಯಲಿಲ್ಲ. ತುಟಿಗೆ ತಾಗಿಸಿದೆ ಅಷ್ಟೆ, ನಾನು ನೋಡಿದೆ. ಯಾಕೆ ಅಂತ ಗೊತ್ತಿಲ್ಲ, ಕೇಳುವುದೂ ಇಲ್ಲ. ನಾನು ಕೊಟ್ಟ ಮಾತು ನಡೆಸಿದ್ದೇನೆ. ಈಗ ನಾನು ನಿನ್ನ ಮನೆಗೆ ಬಂದಿದ್ದೇನೆ. ಇದು ನನ್ನ ಕಪ್ಪು.

"ಏನು ಬೇಕು?" ಎಂದು ಮತ್ತೆ ಕೇಳಿದೆ. ನನಗೆ ಗೊತ್ತಿತ್ತು. ಆದರೂ ಅವರ ಬಾಯಿಂದ ಬರಲಿ ಎಂಬ ಹಟ. ಏಪ್ರಿಲ್ ಎಂಟರಿಂದ ಕಾಯುತ್ತಿದ್ದೇನೆ.

"ನನಗೆ ಬೈಯುವವಳು ಬೇಕು," ಎಂದರು. "ಸಹಮಿನ ಹುಡುಗಿ ಒಳ್ಳೆಯವಳಂತೆ. ಬೈಯುವುದಿಲ್ಲವಂತೆ."

ದೇವರೇ, ನಲವತ್ತು ದಿನ ಕಾಫಿ ಬಿಡಿಸಿ ಕೇಳಿದ್ದನ್ನು ಕೊಟ್ಟೆ. ನೀನು ಕೊಟ್ಟದ್ದನ್ನು ನಿನ್ನ ಹಬ್ಬದ ದಿನವೇ ವಾಪಸು ಮಾಡುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ. ಹರಕೆಗೂ ಒಂದು ಎಕ್ಸ್‌ಚೇಂಜ್ ಕೌಂಟರ್ ಇರಬೇಕು.

ಅಷ್ಟರಲ್ಲಿ ಫೋನು. ನೊರ್ಬರ್ಟ್ ಎತ್ತಿದ. "ಕ್ಲೆಮಿ, ಗ್ರೆಟ್ಟಾಬಾಯಿ. ನಾಳೆ ಒಪ್ಪಿಗೆ ಕಳಿಸ್ತೀಯಲ್ಲ ಅಂತ ಕೇಳ್ತಾರೆ. ಪರದೆ ನೀಲಿ ತೆಗೆದಿದ್ದಾರಂತೆ."

"ಒಪ್ಪಿಗೆ ಕಳಿಸುವುದಿಲ್ಲ ಅಂತ ಹೇಳು. ಪರದೆ ಅವರೇ ಹಾಕಿಕೊಳ್ಳಲಿ. ಉಳಿದದ್ದು ಆಮೇಲೆ. ಈಗ ಊರಿನವರು ಬಂದಿದ್ದಾರೆ, ನನಗೆ ಪುರುಸೊತ್ತಿಲ್ಲ."

ಗ್ರೆಟ್ಟಾಬಾಯಿಯ ದನಿ ಫೋನಿನಿಂದ ಹೊರಗೆ ನನಗೂ ಕೇಳಿಸಿತು: "ಊರಿನವರಾ? ಯಾರು, ಶಂಕರಪುರದವರಾ?"

ನೊರ್ಬರ್ಟ್ ಚಾಪೆಯ ಕಡೆ ನೋಡಿದ, ನನ್ನ ಕಡೆ ನೋಡಿದ. "ಹೌದು," ಎಂದ. "ಊರಿನವರೇ."

ನಾನು ಕಪ್ಪನ್ನು ಎತ್ತಿ ಉಮ್ ಹಿಲಾಲ್ ಅವರ ಕೈಗೆ ಕೊಟ್ಟೆ.

"ಕುಡಿಯಿರಿ," ಎಂದೆ.

ಅವರು ಒಂದೇ ಗುಟುಕಿಗೆ ಮುಗಿಸಿ ಮುಖ ಸಿಂಡರಿಸಿದರು. ಇದೆಂಥ ಕಹ್ವಾ, ಏಲಕ್ಕಿಯೇ ಇಲ್ಲ, ಆಡಿನ ಮರಿಗೆ ಕುಡಿಸುವ ಹಾಲಿನ ಹಾಗಿದೆ ಎಂದರು. ಆಮೇಲೆ ಖಾಲಿ ಕಪ್ಪನ್ನು ನನ್ನ ಮುಂದೆ ನೇರವಾಗಿ ಹಿಡಿದರು. ಅಲ್ಲಾಡಿಸಲಿಲ್ಲ.

ಸುರಿದೆ.